ದೋರಸಮುದ್ರದ ದಡದಲ್ಲೂ ಒಂದು ರಾತ್ರಿ

ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳಿಗೆ ಬೇಸಗೆ ರಜೆ ಬಂತೆಂದರೆ ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಎರಡು ಪ್ರವಾಹಗಳು ಎದುರುಬದುರಾಗಿ ಹರಿಯತೊಡಗುತ್ತವೆ. ಒಂದು, ಅರಸೀಕೆರೆಯ ಕೊಬ್ಬರಿ ವರ್ತಕರು, ಬೇಲೂರು ಕಡೆಯ ಕಾಫಿ ಬೆಳೆಗಾರರು, ಮಾದಿಹಳ್ಳಿ ಹೋಬಳಿಯ ಅಂಗಡಿಕಾರರು ಮಕ್ಕಳೊಂದಿಗೆ ಕಡಲ ಕಡೆಗೆ ಹೊರಡುವ ಪ್ರವಾಹ. ಕೈ ಬಿಗಿ ಇದ್ದವರು ಮಲ್ಪೆ, ಗೋಕರ್ಣಗಳಿಗೆ ಹೋಗಿಬರುತ್ತಾರೆ. ಸ್ವಲ್ಪ ಅನುಕೂಲವಿದ್ದವರು ಪುದುಚೇರಿ, ಫೋರ್ಟ್ ಕೊಚ್ಚಿಗಳಂತಹ ಹಳೆಯ ಕಡಲೂರುಗಳವರೆಗೂ ಹೋಗುತ್ತಾರೆ. ಇನ್ನೊಂದು, ಬೆಂಗಳೂರಿನಿಂದ ಬೇಲೂರು, ಹಳೇಬೀಡುಗಳ ಕಡೆಗೆ ಬರುವ ವಾಹನಗಳ ಪ್ರವಾಹ. ಎರಡೂ ಪ್ರವಾಸವೇ, ಎರಡರಲ್ಲೂ ಹಣ ಕೈ ಬದಲಾಗುತ್ತದೆ. ಆದರೆ ಇಲ್ಲಿಂದ ಹೋದವರು ಅಲ್ಲಿ ಎರಡು ರಾತ್ರಿ ತಂಗುತ್ತಾರೆ. ಅಲ್ಲಿಂದ ಬಂದವರು ಇಲ್ಲಿ ಎರಡು ಗಂಟೆಯೂ ನಿಲ್ಲುವುದಿಲ್ಲ. ಜಿಲ್ಲೆಯ ವಾಣಿಜ್ಯ ವಲಯ ಗಂಭೀರವಾಗಿ ಯೋಚಿಸಬೇಕಾದ ವ್ಯತ್ಯಾಸ ಇದು.

ಬೆಂಗಳೂರಿನಿಂದ ಪುದುಚೇರಿ ಮುನ್ನೂರು ಕಿಲೋಮೀಟರಿಗೂ ದೂರ. ಬೇಲೂರು ಸುಮಾರು 220 ಕಿಲೋಮೀಟರ್. ಹೆಚ್ಚು ದೂರ ಹೋದವನು ಉಳಿಯುತ್ತಾನೆ, ಹತ್ತಿರ ಬಂದವನು ಮರಳುತ್ತಾನೆ ಎಂದು ಇದಕ್ಕೆ ಸುಲಭ ಸಮಾಧಾನ ಹೇಳಬಹುದು. ಆದರೆ ಬೇಲೂರಿನಿಂದ ಸುಮಾರು 25 ಕಿಲೋಮೀಟರ್ ಮುಂದಿರುವ ಚಿಕ್ಕಮಗಳೂರಿನಲ್ಲಿ ಅದೇ ಬೆಂಗಳೂರಿನ ಪ್ರವಾಸಿ ರಾತ್ರಿ ತಂಗುತ್ತಾನೆ. ಅಲ್ಲಿನ ತೋಟದ ಮನೆಯಲ್ಲಿ ಮಲಗಿ ಎದ್ದು, ಬೇಲೂರನ್ನು ‘ದಾರಿಯಲ್ಲಿ’ ನೋಡಿಕೊಂಡು ಹೋಗುತ್ತಾನೆ. ಆದುದರಿಂದ ಕಾರಣವನ್ನು ದೂರದಲ್ಲಿ ಹುಡುಕಿ ಫಲವಿಲ್ಲ, ಊರು ನಡೆದುಕೊಳ್ಳುವ ರೀತಿಯಲ್ಲೇ ಹುಡುಕಬೇಕು.

ಮರಳಿಲ್ಲದ ಕಡಲೂರು

ಪುದುಚೇರಿಯ ಉದಾಹರಣೆ ಇಲ್ಲಿ ಬಹಳ ಉಪಯುಕ್ತ. 1674ರಲ್ಲಿ ಫ್ರೆಂಚ್ ಕಂಪನಿ ಅಲ್ಲಿ ನೆಲೆಯೂರಿತು. 1761ರಲ್ಲಿ ಇಂಗ್ಲಿಷರು ಊರನ್ನು ನೆಲಸಮ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಮತ್ತೆ ಎದ್ದು ನಿಂತಿತು. 1954ರ ನವೆಂಬರ್ 1ರಂದು ಆಡಳಿತ ಭಾರತಕ್ಕೆ ಬಂತು, 1962ರಲ್ಲಿ ವಿಧಿವತ್ತಾದ ಹಸ್ತಾಂತರವೂ ಆಯಿತು. ಚೌಕುಳಿಯಂತೆ ನೇರವಾಗಿ ಹಾಯ್ದ ಬೀದಿಗಳು, ನಡುವೆ ಒಂದು ಕಾಲುವೆ, ಅದರ ಪೂರ್ವಕ್ಕೆ ಫ್ರೆಂಚರ ಬಡಾವಣೆ, ಪಶ್ಚಿಮಕ್ಕೆ ತಮಿಳರ ಬಡಾವಣೆ: ಊರಿನ ಹಳೆಯ ಬಂಡವಾಳವೆಲ್ಲ ಇಷ್ಟೇ. ಬೇಲೂರಿನ ಒಂದು ಮದನಿಕೆಯ ಮುಂದೆ ನಿಲ್ಲಿಸಬಹುದಾದ ಶಿಲ್ಪ ಅಲ್ಲಿನ ಬೀದಿಗಳಲ್ಲಿ ಯಾವುದೂ ಇಲ್ಲ.

‘ಅಲ್ಲಿ ಸಮುದ್ರವಿದೆ, ಇಲ್ಲಿಲ್ಲ’ ಎಂಬ ಮಾತು ಈ ಹಂತದಲ್ಲಿ ಬಂದೇ ಬರುತ್ತದೆ. ಆದರೆ ಪುದುಚೇರಿಯ ಸಮುದ್ರದ ಕಥೆಯನ್ನು ಪೂರ್ತಿಯಾಗಿ ತಿಳಿದವರು ಹಾಗೆನ್ನಲಾರರು. 1980ರ ದಶಕದ ಕೊನೆಯಲ್ಲಿ ಬಂದರಿಗಾಗಿ ಕಡಲಿನೊಳಕ್ಕೆ ಅಲೆತಡೆ ಗೋಡೆ ಕಟ್ಟಿದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಸಾಗಿಬರುತ್ತಿದ್ದ ಮರಳು ಅಲ್ಲೇ ತಡೆದು ನಿಂತಿತು. ಊರಿನ ಮುಂದಿನ ಮರಳದಂಡೆ ವರ್ಷ ವರ್ಷವೂ ಕೊಚ್ಚಿಹೋಯಿತು. ರಸ್ತೆಯನ್ನು ಉಳಿಸಿಕೊಳ್ಳಲು ದಡದುದ್ದಕ್ಕೂ ಬಂಡೆಗಳನ್ನು ಸುರಿಯಬೇಕಾಯಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯೋಜನೆಯಂತೆ ನೀರಿನೊಳಗೆ ಕೃತಕ ದಿಬ್ಬವೊಂದನ್ನು ಇಳಿಸಿ, ಒಂದು ಭಾಗದಲ್ಲಿ ಮರಳು ಮತ್ತೆ ನಿಲ್ಲುವಂತೆ ಮಾಡಿದ್ದು 2018ರ ಹೊತ್ತಿಗೆ. ಅಂದರೆ ಹೆಚ್ಚುಕಡಮೆ ಮೂರು ದಶಕ ಆ ‘ಬೀಚ್’ ಊರಿನ ಮುಂದೆ ಕಾಲೂರಲು ಮರಳೇ ಇರಲಿಲ್ಲ. ಪ್ರವಾಸಿಗಳು ಬರುವುದು ನಿಲ್ಲಲಿಲ್ಲ. ಪುದುಚೇರಿ ‘ಸೊಗಸಾದ ಊರು’ ಎಂದು ಹೆಸರು ಮಾಡಿದ್ದು ಮರಳಿಲ್ಲದ ಇದೇ ಅವಧಿಯಲ್ಲಿ ಎಂಬುದು ಗಮನಾರ್ಹ.

ಹಾಗಾದರೆ ಜನ ಹಣ ಕೊಟ್ಟು ಕೊಳ್ಳುವುದು ಏನನ್ನು? ಒಂದು ಸಂಜೆಯನ್ನು, ಒಂದು ಬೆಳಗನ್ನು. ಕಡಲ ಬದಿಯ ಸುಮಾರು ಒಂದೂವರೆ ಕಿಲೋಮೀಟರ್ ರಸ್ತೆಯಲ್ಲಿ ಸಂಜೆಯಿಂದ ಬೆಳಗಿನವರೆಗೆ ವಾಹನಗಳಿಗೆ ಪ್ರವೇಶವಿಲ್ಲ. ಮುದುಕರು, ಮಕ್ಕಳು, ಹೊಸದಾಗಿ ಮದುವೆಯಾದವರು ಅಂಜಿಕೆಯಿಲ್ಲದೆ ನಡೆದಾಡುತ್ತಾರೆ. ಹಿಂದಿನ ಬೀದಿಗಳಲ್ಲಿ ಹಳೆಯ ಮನೆಗಳು ತಂಗುದಾಣಗಳಾಗಿವೆ. ತಮಿಳರ ಮನೆಯ ‘ತಿಣ್ಣೈ’ ಎಂದರೆ ಇಲ್ಲಿನ ಜಗಲಿ. ‘ಮುಟ್ರಂ’ ಎಂದರೆ ಇಲ್ಲಿನ ತೊಟ್ಟಿ. ಹಾಸನ ಜಿಲ್ಲೆಯ ಪ್ರವಾಸಿ ಅಲ್ಲಿ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು ಮಲಗುವುದು, ಅಜ್ಜನ ಕಾಲದಲ್ಲಿ ಇಲ್ಲಿ ಹಳ್ಳಿ ಹಳ್ಳಿಯಲ್ಲೂ ಇದ್ದಂತಹ ತೊಟ್ಟಿಮನೆಯಲ್ಲಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಎಂಬ ಗಾದೆ ಇದಕ್ಕಿಂತ ಹೊಂದುವ ಸಂದರ್ಭ ಇರಲಾರದು.

ಇದು ತಾನಾಗಿ ಆದ ಬದಲಾವಣೆಯೂ ಅಲ್ಲ. ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ 1984ರಿಂದ ಅಲ್ಲಿ ಮನೆಗಳ ಪಟ್ಟಿ ಮಾಡಿ, ಮಾಲೀಕರ ಮನವೊಲಿಸುವ ಕೆಲಸ ಮಾಡುತ್ತಾ ಬಂದಿದೆ. ತಮಿಳು ಬಡಾವಣೆಯ ವೈಶ್ಯರ ಬೀದಿಯ ಮನೆಗಳ ಮುಂಭಾಗವನ್ನು ಐರೋಪ್ಯ ಒಕ್ಕೂಟದ ನೆರವಿನ ಯೋಜನೆಯೊಂದರಡಿ ಹಳೆಯ ರೂಪಕ್ಕೆ ತಂದ ಕೆಲಸಕ್ಕೆ 2008ರಲ್ಲಿ ಯುನೆಸ್ಕೋದ ಏಷ್ಯಾ–ಪೆಸಿಫಿಕ್ ಪಾರಂಪರಿಕ ಪುರಸ್ಕಾರ ದೊರೆಯಿತು. ಅದು ಅರಮನೆಯ ಬೀದಿಯಲ್ಲ. ಹೆಸರೇ ಹೇಳುವಂತೆ ವರ್ತಕರ ಬೀದಿ.

ಪುದುಚೇರಿಗೆ ಜನ ಹೋಗಲು ಅಗ್ಗದ ಮದ್ಯವೂ ಒಂದು ಕಾರಣ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಕೇಂದ್ರಾಡಳಿತ ಪ್ರದೇಶದ ತೆರಿಗೆ ದರಗಳ ಲಾಭ ಅದಕ್ಕಿದೆ. ಅದನ್ನು ಅನುಕರಿಸುವ ಅಗತ್ಯ ಚೆನ್ನಕೇಶವನ ಊರಿಗಿಲ್ಲ. ಆದರೆ ಮಕ್ಕಳು, ವೃದ್ಧರೊಂದಿಗೆ ಹೋಗುವ ಕುಟುಂಬಗಳು, ಆಶ್ರಮ ನೋಡಲು ಹೋಗುವವರು, ಹಳೆಯ ಬೀದಿಗಳ ಚಿತ್ರ ತೆಗೆಯಲು ಹೋಗುವವರು ಮದ್ಯಕ್ಕಾಗಿ ಹೋಗುವುದಿಲ್ಲ. ಬೇಲೂರು, ಹಳೇಬೀಡುಗಳು ಎದುರು ನೋಡಬೇಕಾದ ಗಿರಾಕಿ ಇಂಥವರೇ.

ಹೆಸರಿನಲ್ಲೇ ಸಮುದ್ರ

ಸಮುದ್ರವಿಲ್ಲವೆಂದು ಕೊರಗುವವರು ಊರುಗಳ ಹಳೆಯ ಹೆಸರುಗಳನ್ನು ನೆನಪಿಸಿಕೊಳ್ಳಬೇಕು. ಬೇಲೂರು ಶಾಸನಗಳಲ್ಲಿ ವೇಲಾಪುರ. ‘ವೇಲಾ’ ಎಂದರೆ ಸಂಸ್ಕೃತದಲ್ಲಿ ದಡ. ಹಳೇಬೀಡು ದೋರಸಮುದ್ರ, ಅಲ್ಲಿನ ವಿಶಾಲ ಕೆರೆಯಿಂದ ಬಂದ ಹೆಸರು. ರಾಜಧಾನಿ 1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ತುತ್ತಾಯಿತು, ಮುಂದೆ ಹಾಳಾಯಿತು, ‘ಹಳೆಯ ಬೀಡು’ ಆಯಿತು. ಕೆರೆ ಮಾತ್ರ ಉಳಿಯಿತು. ನಿಜವಾದ ಕಡಲೂ ಹೊಯ್ಸಳರಿಗೆ ದೂರವಿರಲಿಲ್ಲ. ಮುಮ್ಮಡಿ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳಿದ್ದು ಕರಾವಳಿಯ ಬಾರಕೂರಿನಿಂದ. ಇಂದು ಬಾರಕೂರು, ಬಸರೂರುಗಳಂತಹ ಹಳೆಯ ಬಂದರು ಪಟ್ಟಣಗಳ ಪಕ್ಕದಲ್ಲೇ ಮಲ್ಪೆಗೆ ಓಡುವ ಪ್ರವಾಸಿ ಆ ಊರುಗಳಲ್ಲಿ ಇಳಿಯುವುದಿಲ್ಲ. ಕಡಲು ಪಕ್ಕದಲ್ಲಿದ್ದ ಮಾತ್ರಕ್ಕೆ ಊರು ಪ್ರವಾಸಿ ತಾಣವಾಗುವುದಿಲ್ಲ ಎಂಬುದಕ್ಕೆ ಸ್ವಂತ ರಾಜ್ಯದಲ್ಲೇ ಸಾಕ್ಷಿಯಿದೆ.

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠಾಪನೆಯಾದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಕೆಲವೇ ವರ್ಷಗಳ ನಂತರ ಆರಂಭವಾಯಿತು. 2023ರ ಸೆಪ್ಟೆಂಬರ್ 18ರಂದು ಇವೆರಡೂ ಸೋಮನಾಥಪುರದೊಡನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು ಪಡೆದ ಮನ್ನಣೆ ಹೊಯ್ಸಳ ನಾಡಿಗೆ ಮೂರೂವರೆ ದಶಕ ತಡವಾಗಿ ಬಂತು. ಬಂದ ಮೇಲೆ ಫಲಕಗಳು ಎದ್ದವು, ಸಭೆಗಳು ನಡೆದವು. ಆದರೆ ಪಟ್ಟಿಯಲ್ಲಿ ಹೆಸರು ಬಂದರೆ ಪ್ರವಾಸಿ ಬಂದಾನು. ಅವನನ್ನು ಉಳಿಸಿಕೊಳ್ಳುವ ಕೆಲಸವನ್ನು ಯುನೆಸ್ಕೋ ಮಾಡಿಕೊಡುವುದಿಲ್ಲ.

ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಬೇಲೂರಿನಲ್ಲಿ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಮಯೂರ ಶಾಂತಲಾ ಹೋಟೆಲುಗಳನ್ನು ನಡೆಸುತ್ತಾ ಬಂದಿದೆ. ಖಾಸಗಿ ವಸತಿಗೃಹಗಳೂ ಇವೆ. ಆದರೂ ಕತ್ತಲಾದ ಮೇಲೆ ಕುಟುಂಬವೊಂದು ಅರ್ಧ ಗಂಟೆ ನೆಮ್ಮದಿಯಿಂದ ಅಡ್ಡಾಡುವ ಜಾಗವನ್ನು ಈ ಊರುಗಳು ಇನ್ನೂ ಕಲ್ಪಿಸಿಲ್ಲ. ರಸ್ತೆ ಉತ್ತಮವಾದಷ್ಟೂ ಪ್ರವಾಸಿ ಬೇಗ ಬರುತ್ತಾನೆ, ಅಷ್ಟೇ ಬೇಗ ಹೊರಟೂ ಹೋಗುತ್ತಾನೆ. ಚತುಷ್ಪಥ ಹೆದ್ದಾರಿಯಿಂದ ವ್ಯಾಪಾರ ತಾನಾಗಿ ಹೆಚ್ಚುತ್ತದೆಂಬ ನಿರೀಕ್ಷೆ ಈ ಮಟ್ಟಿಗೆ ಹುಸಿಯಾಗಿದೆ.

ಒಂದು ಸರಳ ಲೆಕ್ಕ

ಇಲ್ಲಿ ಒಂದು ಊಹೆಯ ಲೆಕ್ಕವನ್ನು ಹಾಕಿ ನೋಡಬಹುದು. ಇವು ಸಮೀಕ್ಷೆಯ ಅಂಕಿಗಳಲ್ಲ, ವಿಷಯ ತಿಳಿಯಲು ಹಿಡಿದ ಸಂಖ್ಯೆಗಳು. ನಾಲ್ವರ ಕುಟುಂಬವೊಂದು ಎರಡು ಗಂಟೆ ನಿಂತು ಹೋದರೆ ಎಳನೀರು, ತಿಂಡಿ, ಮಾರ್ಗದರ್ಶಿಯ ಸಂಭಾವನೆ, ಒಂದು ಸಣ್ಣ ಬಳಪದ ಕಲ್ಲಿನ ಗಣಪತಿ ಎಲ್ಲ ಸೇರಿ ಸ್ಥಳೀಯರ ಕೈಗೆ 1,000 ರೂಪಾಯಿ ಬಂತೆನ್ನೋಣ. ಅದೇ ಕುಟುಂಬ ರಾತ್ರಿ ತಂಗಿದರೆ ಕೊಠಡಿಗೆ 2,500, ರಾತ್ರಿಯೂಟಕ್ಕೂ ಬೆಳಗಿನ ತಿಂಡಿಗೂ 1,200, ಮರುದಿನದ ಆಟೋ ಮತ್ತು ಮಾರ್ಗದರ್ಶಿಗೆ 800, ಒಟ್ಟು ಇನ್ನೂ 4,500 ರೂಪಾಯಿ ಸೇರುತ್ತದೆ. ಪ್ರವಾಸಿಗಳ ಸಂಖ್ಯೆ ಒಬ್ಬನಷ್ಟೂ ಹೆಚ್ಚದೆ ಆದಾಯ ಐದೂವರೆ ಪಟ್ಟಾಗುತ್ತದೆ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಬಂದ ಗಿರಾಕಿಯನ್ನು ನಿಲ್ಲಿಸಿಕೊಳ್ಳುವುದು ಲೇಸೆಂಬುದು ಯಾವ ವರ್ತಕನಿಗೂ ಹೇಳಿಕೊಡಬೇಕಾದ ಪಾಠವಲ್ಲ.

ಈ ಹಣ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಇನ್ನೂ ಮುಖ್ಯ. ಏಪ್ರಿಲ್–ಮೇ ತಿಂಗಳು ರಜೆಯ ಕಾಲ. ಜಿಲ್ಲೆಯ ರೈತನಿಗೆ ಅದೇ ಖರ್ಚಿನ ಕಾಲ. ಮುಂಗಾರಿನ ಆಲೂಗಡ್ಡೆಗೆ ಪಂಜಾಬಿನಿಂದ ಬರುವ ಬಿತ್ತನೆ ಗೆಡ್ಡೆಯನ್ನು, ಗೊಬ್ಬರವನ್ನು ಮೇ ತಿಂಗಳಲ್ಲೇ ಕೊಳ್ಳಬೇಕು. ಬೆಳೆ ಕೈಗೆ ಬರುವ ಮೊದಲೇ ಅಂಗಮಾರಿ ಬಂದರೆ ಹಾಕಿದ ಸಾಲವೂ ಮುಳುಗುತ್ತದೆ. ಮಾದಿಹಳ್ಳಿ ಹೋಬಳಿಯ ಮನೆಯೊಂದರಲ್ಲಿ ಎರಡು ಕೊಠಡಿಗಳು ವರ್ಷಕ್ಕೆ 60 ರಾತ್ರಿ ತುಂಬಿದರೂ, ಮೇಲಿನ ದರದಲ್ಲಿ ಮೂರು ಲಕ್ಷ ರೂಪಾಯಿ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಬಿತ್ತನೆಯ ಹೊತ್ತಿಗೇ ಬರುವಂತಾದರೆ, ಅದು ಬ್ಯಾಂಕಿನ ಬೆಳೆಸಾಲದಷ್ಟೇ ಬೆಲೆಯುಳ್ಳ ಆಸರೆ. ಮಗ ಬೆಂಗಳೂರಿನ ಗೋದಾಮಿನಲ್ಲಿ ದುಡಿಯಬೇಕೇ, ಊರಲ್ಲೇ ಉಳಿಯಬೇಕೇ ಎಂಬ ಪ್ರಶ್ನೆಗೆ ಎಷ್ಟೋ ಮನೆಗಳಲ್ಲಿ ಇಷ್ಟೇ ಮೊತ್ತ ಉತ್ತರವಾಗಬಲ್ಲುದು.

ಹವೆಯೂ ಇದಕ್ಕೆ ಅನುಕೂಲವೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಬೇಸಗೆಯ ಸಂಜೆ ತಂಪಾಗಿರುತ್ತದೆ. ಮೇ ತಿಂಗಳ ಪುದುಚೇರಿಯ ಬೆವರು ಕಂಡವರಿಗೆ ಇದರ ಬೆಲೆ ಗೊತ್ತು.

ಮಾದಿಹಳ್ಳಿಗೆ ಏನು ಸಂಬಂಧ?

ಪ್ರವಾಸೋದ್ಯಮದ ಮಾತು ಬಂದಾಗ ಬೇಲೂರು, ಹಳೇಬೀಡುಗಳ ಹೆಸರು ಬರುತ್ತದೆ. ಮಾದಿಹಳ್ಳಿಯಂತಹ ಹೋಬಳಿಯ ಹೆಸರು ಬರುವುದಿಲ್ಲ. ಆದರೆ ಕಾನೂನು ಈ ವಿಷಯದಲ್ಲಿ ಹಳ್ಳಿಗಳ ಪರವಾಗಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1992ರ ಅಧಿಸೂಚನೆ ಹಾಗೂ 2010ರ ತಿದ್ದುಪಡಿಯ ಪ್ರಕಾರ ಅಲ್ಲಿ ಹೊಸ ಕಟ್ಟಡ ಎಬ್ಬಿಸುವುದು ಅಸಾಧ್ಯ ಅಥವಾ ಅತಿ ಕಷ್ಟ. ದೇಗುಲದ ನೆರಳಿನಲ್ಲೇ ಬಹುಮಹಡಿ ಹೋಟೆಲು ಕಟ್ಟುವ ಆಸೆಯನ್ನು ಬಿಡಲೇಬೇಕು, ಬಿಡುವುದು ಒಳ್ಳೆಯದೂ ಹೌದು. ಹಾಗಾದರೆ ಪ್ರವಾಸಿ ಮಲಗಬೇಕಾದದ್ದು ಸುತ್ತಲಿನ ಹಳ್ಳಿಗಳಲ್ಲಿ. ಹಾಸನ–ಬೇಲೂರು ರಸ್ತೆಯಲ್ಲಿ ಹಗರೆಯಿಂದ ಹಳೇಬೀಡಿಗೆ ತಿರುಗುವ ಪ್ರತಿಯೊಂದು ವಾಹನವೂ ಇಂತಹ ಹಳ್ಳಿಗಳನ್ನು ದಾಟಿಯೇ ಹೋಗುತ್ತದೆ. ನಿಲ್ಲಲು ಕಾರಣ ಕಾಣದೆ ಹೋಗುತ್ತದೆ, ಅಷ್ಟೆ.

ಎರಡನೆಯ ದಿನ ತೋರಿಸಲು ಏನಿದೆ ಎಂಬ ಪ್ರಶ್ನೆಗೂ ಉತ್ತರ ಸಿದ್ಧವಿದೆ. ಹಳೇಬೀಡಿನಲ್ಲೇ ಕೇದಾರೇಶ್ವರ, ಬಸದಿಹಳ್ಳಿಯ ಜೈನ ಬಸದಿಗಳನ್ನು ಬಹುತೇಕರು ನೋಡದೆ ಹೋಗುತ್ತಾರೆ. ಹಾಸನ–ಬೇಲೂರು ರಸ್ತೆಗೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ 12ನೆಯ ಶತಮಾನದ ಆರಂಭದ್ದು. ಅದನ್ನು ಕಟ್ಟಿಸಿದವರು ಅರಸರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಪತ್ನಿ ಸಹಜಾದೇವಿ. ಬೆಳವಾಡಿಯ ವೀರನಾರಾಯಣ, ಜಾವಗಲ್ಲಿನ ಲಕ್ಷ್ಮೀನರಸಿಂಹ, ಅರಸೀಕೆರೆಯ ಈಶ್ವರ ದೇವಾಲಯಗಳಿವೆ. 1936ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 450ರ ಕನ್ನಡ ಶಾಸನದ ಊರಾದ ಹಲ್ಮಿಡಿ ಇದೇ ಬೇಲೂರು ತಾಲ್ಲೂಕಿನಲ್ಲಿದೆ. ಮೂಲ ಶಾಸನ ಮೈಸೂರಿನಲ್ಲಿದ್ದರೂ, ಕನ್ನಡ ಬಲ್ಲ ಮಗುವಿಗೆ ಆ ಊರಿನ ಮಣ್ಣನ್ನು ತೋರಿಸುವುದು ಯಾವ ಕಡಲ ತೀರಕ್ಕಿಂತಲೂ ಕಡಿಮೆಯ ಅನುಭವವಲ್ಲ.

ಎಚ್ಚರಿಕೆಯ ಮಾತು

ಕಡಲೂರುಗಳಿಂದ ಕಲಿಯಬೇಕಾದ ಪಾಠಗಳಲ್ಲಿ ಕಹಿಯಾದವೂ ಇವೆ. ಮೊದಲನೆಯದು ಅಲಕ್ಷ್ಯದ ಪಾಠ. ಪುದುಚೇರಿಯ ಕಡಲ ಬದಿಯಲ್ಲಿದ್ದ 19ನೆಯ ಶತಮಾನದ ಪುರಭವನ ‘ಮೇರಿ’ 2014ರ ನವೆಂಬರ್ ಮಳೆಯಲ್ಲಿ ಕುಸಿದು ಬಿತ್ತು. ಮುಂದೆ ಅದನ್ನು ಅದೇ ರೂಪದಲ್ಲಿ ಮರಳಿ ಕಟ್ಟಬೇಕಾಯಿತು. ಹಾಸನದ ಹಳ್ಳಿಗಳಲ್ಲಿ ತೊಟ್ಟಿಮನೆಗಳು ಬೀಳುವುದಕ್ಕೆ ಮಳೆಯೂ ಬೇಕಿಲ್ಲ. ಪಾಲು ವಿಭಾಗವಾದ ಮರುವರ್ಷ ಕಂಬಗಳು ಹಳೆಯ ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ, ಆ ಜಾಗದಲ್ಲಿ ಕಾಂಕ್ರೀಟು ಮನೆ ಏಳುತ್ತದೆ. ಅದೇ ಕಂಬಗಳು ಬೇರೆ ಊರಿನ ರೆಸಾರ್ಟಿನ ಅಲಂಕಾರವಾಗುತ್ತವೆ. ಒಮ್ಮೆ ಮಾರಿದ ಕಂಬಕ್ಕೆ ಬರುವ ಬೆಲೆ ಒಂದೇ ಸಲ. ನಿಂತ ಕಂಬ ವರ್ಷ ವರ್ಷವೂ ದುಡಿಯುತ್ತದೆ.

ಎರಡನೆಯದು ಒಡೆತನದ ಪಾಠ. ಸೊಗಸಾದ ಊರೆಂಬ ಹೆಸರು ಬಂದೊಡನೆ ಹೊರಗಿನ ಬಂಡವಾಳ ಬರುತ್ತದೆ, ನೆಲದ ಬೆಲೆ ಏರುತ್ತದೆ. ಪುದುಚೇರಿಯ ಫ್ರೆಂಚ್ ಬಡಾವಣೆಯಲ್ಲಿ ಹಿಂದೆ ಸಂಸಾರಗಳಿದ್ದ ಎಷ್ಟೋ ಮನೆಗಳು ಇಂದು ಹೋಟೆಲು, ಉಪಾಹಾರ ಗೃಹ, ಮಳಿಗೆಗಳು. ಮನೆ ಮಾರಿದವನ ಮಗ ಅದೇ ಮನೆಯಲ್ಲಿ ತಟ್ಟೆ ಎತ್ತುವ ಸ್ಥಿತಿ ಬರಬಾರದು. ಬಂಡವಾಳವಿಲ್ಲದ ರೈತ ಮನೆಯನ್ನು ಮಾರುವ ಬದಲು ಅವಧಿ ಗುತ್ತಿಗೆಗೆ ಕೊಡಲಿ. ಕರಾರಿನಲ್ಲಿ ಮನೆಯ ರೂಪ ಕೆಡಿಸದಂತೆ, ಊರಿನವರಿಗೆ ಕೆಲಸ ಕೊಡುವಂತೆ ಷರತ್ತು ಇರಲಿ. ಮೂರನೆಯದಾಗಿ ನೀರು ಮತ್ತು ಕಸ. ಬೇಸಗೆಯಲ್ಲಿ ಕೊಳವೆಬಾವಿ ಬತ್ತುವ ಊರಿನಲ್ಲಿ ಈಜುಕೊಳದ ರೆಸಾರ್ಟು ಅತಿಥಿಸತ್ಕಾರವಲ್ಲ, ನೆರೆಮನೆಗೆ ಮಾಡುವ ಅನ್ಯಾಯ.

ಮಾಡಬಹುದಾದದ್ದು

ಸರ್ಕಾರದ ದೊಡ್ಡ ಯೋಜನೆಗಳಿಗೆ ಕಾಯುವ ಅಗತ್ಯ ಎಲ್ಲದಕ್ಕೂ ಇಲ್ಲ. ಜಿಲ್ಲೆಯ ವರ್ತಕ ಸಂಘಗಳು, ಗ್ರಾಮ ಪಂಚಾಯಿತಿಗಳು ಸೇರಿದರೆ ಕೆಲವು ಕೆಲಸಗಳು ಮುಂದಿನ ಬೇಸಗೆಯೊಳಗೇ ಆಗಬಲ್ಲವು. ಹಳೇಬೀಡಿನ ಕೆರೆಯ ಬದಿಯಲ್ಲಿ ಸಂಜೆ ಎರಡು ಮೂರು ಗಂಟೆ ವಾಹನಗಳನ್ನು ತಡೆದು, ಸಾದಾ ಬೆಳಕು, ಕೂರಲು ಕಲ್ಲುಬೆಂಚು, ಸ್ವಚ್ಛ ಶೌಚಾಲಯ ಒದಗಿಸುವುದು ಮೊದಲನೆಯದು. ಮಾದಿಹಳ್ಳಿ, ಹಳೇಬೀಡು ಹೋಬಳಿಗಳಲ್ಲಿ ಉಳಿದಿರುವ ತೊಟ್ಟಿಮನೆಗಳ ಪಟ್ಟಿ ಮಾಡಿ, ಒಪ್ಪುವ ಮಾಲೀಕರಿಗೆ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿಗೆ ಕಾಗದಪತ್ರ ಸಿದ್ಧಪಡಿಸಿಕೊಡುವುದು ಎರಡನೆಯದು. ಮೂರನೆಯದು, ಅರಸೀಕೆರೆ ಮತ್ತು ಹಾಸನದ ರೈಲು ನಿಲ್ದಾಣಗಳಿಂದ ನಿಗದಿತ ದರದ ವಾಹನ ವ್ಯವಸ್ಥೆ. ಅರಸೀಕೆರೆಯಂತಹ ದೊಡ್ಡ ಜಂಕ್ಷನ್‌ನಲ್ಲಿ ಇಳಿದ ಪ್ರವಾಸಿ ಹಳೇಬೀಡಿಗೆ ಹೋಗುವ ದಾರಿ ಕೇಳಿಕೊಂಡು ನಿಲ್ಲುವಂತಾಗಬಾರದು.

ತೆರಿಗೆಯ ಭಯವೂ ಅನೇಕರನ್ನು ಹಿಂಜರಿಸುತ್ತದೆ. ಸೇವೆಗಳಿಗೆ ಸಂಬಂಧಿಸಿ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಇಂತಹವರ ಕೊಠಡಿಯನ್ನು ಅಂತರಜಾಲದ ಮಧ್ಯವರ್ತಿ ಸಂಸ್ಥೆಯ ಮೂಲಕ ಕಾದಿರಿಸಿದಾಗ ತೆರಿಗೆ ಕಟ್ಟುವ ಹೊಣೆ ಆ ಸಂಸ್ಥೆಯದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಹೂಡುವಳಿ ತೆರಿಗೆಯ ಜಮೆ ಮಾತ್ರ ಸಿಗದು. ಹಳ್ಳಿಯ ಮನೆಯೊಡತಿಗೆ ಈ ವಿಷಯವನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ. 1916ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ವಾಣಿಜ್ಯ ಮಂಡಳಿಯನ್ನು ಹುಟ್ಟುಹಾಕಿದ್ದು ದೊಡ್ಡ ಗಿರಣಿಗಳ ಹಿತಕ್ಕೆ ಮಾತ್ರವಲ್ಲ.

ಕಡಲೂರಿಗೆ ರಜೆಗೆ ಹೋಗುವುದರಲ್ಲಿ ತಪ್ಪೇನಿಲ್ಲ; ದೇಶ ಸುತ್ತಿದವನಿಗೆ ವ್ಯಾಪಾರದ ಕಣ್ಣು ತೆರೆಯುತ್ತದೆ. ಮುಂದಿನ ಸಲ ಹೋದವರು ಅಲೆಗಳ ಜೊತೆಗೆ ಆ ಊರಿನ ದೀಪದ ಕಂಬ, ಬೀದಿಯ ಫಲಕ, ಮನೆಯೊಡತಿ ಬೆಳಗಿನ ತಿಂಡಿ ಬಡಿಸುವ ರೀತಿ, ಬಿಲ್ಲಿನ ಕೊನೆಯ ಮೊತ್ತ ಇವನ್ನೂ ಗಮನಿಸಿ ಬರಲಿ. ಹೊಯ್ಸಳರ ಶಿಲ್ಪಿಗಳು ಒಂಬೈನೂರು ವರ್ಷಗಳ ಹಿಂದೆಯೇ ಬಂಡವಾಳ ಹೂಡಿ ಹೋಗಿದ್ದಾರೆ. ಉಳಿದಿರುವುದು ಶುಚಿಯಾದ ಹಾಸಿಗೆ, ಬಿಸಿಯಾದ ಊಟ, ಬೆಳಕಿರುವ ಒಂದು ಕೆರೆಯ ದಂಡೆ. ಇಷ್ಟನ್ನು ಒದಗಿಸಲು ಜಿಲ್ಲೆಯ ವರ್ತಕರಿಗೂ ಹಳ್ಳಿಯ ಮನೆಗಳಿಗೂ ಶಕ್ತಿಯಿದೆ; ಕಂಬಗಳು ಲಾರಿ ಹತ್ತುವ ಮೊದಲು ಅವರು ಕೈಜೋಡಿಸಬೇಕು.